ತಾಯಿಯತ್ತಲೂ ತಿರುಗಲಿ ಈ ಧ್ವನಿ

ಗರ್ಭದಲ್ಲಿರುವ ಶಿಶುವನ್ನು ನೋಡಲು ವೈದ್ಯರು ಶ್ರವಣಾತೀತ ಧ್ವನಿಯನ್ನು ಬಳಸುವರೆಂಬುದು ಇಂದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಈ ಧ್ವನಿಯಿಂದ ಪಡೆದ ಒಡಲೊಳಗಿನ ಚಿತ್ರಗಳನ್ನು ಪ್ರಕಟಿಸಿದರು. ಅಂದಿನಿಂದ ಆ ವಿದ್ಯೆ ಬಹುದೂರ ಬೆಳೆದಿದೆ. ಆದರೆ ಹೆರಿಗೆಯಾದೊಡನೆ ಯಂತ್ರವನ್ನು ಬದಿಗೆ ಸರಿಸುತ್ತೇವೆ. ಹೆತ್ತವಳ ಒಡಲಿಗೆ ಏನಾಯಿತೆಂದು ಕೇಳುವವರು ವಿರಳ. ಇದು ತರವಲ್ಲವೆಂಬುದು ನಮ್ಮ ಅಭಿಪ್ರಾಯ.

ಹೆರಿಗೆಯ ಬಳಿಕ ಸುಮಾರು ಮೂವರಲ್ಲಿ ಒಬ್ಬ ತಾಯಿಗೆ ಮೂತ್ರವು ಹಿಡಿತ ಮೀರಿ ಸೋರುವುದುಂಟು. ಕೆಮ್ಮು, ಸೀನು, ಕೊಡವೆತ್ತುವ ಶ್ರಮ, ಇಷ್ಟೇ ಸಾಕು. ನಾಚಿಕೆಯಿಂದ ಆಕೆ ಹೇಳಳು; ಹೇಳಿದರೆ, "ಹೆತ್ತವರಿಗೆಲ್ಲ ಇದು ಇದ್ದದ್ದೇ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಹಣೆಬರಹವಲ್ಲ. ವಸ್ತಿಕುಹರದ ತಳದಲ್ಲಿ ಜೋಲಿಯಂತೆ ಹರಡಿರುವ ಮಾಂಸಖಂಡಗಳು ಮೂತ್ರಾಶಯದ ಕೊರಳಿಗೆ ಆಸರೆಯಾಗಿವೆ. ಶಿಶುವಿನ ತಲೆ ಹೊರಬರುವಾಗ ಅವು ಅತಿಯಾಗಿ ಹಿಗ್ಗಿ ಆ ಆಸರೆ ಸಡಿಲವಾಗಬಹುದು.

ಈ ಸಡಿಲವನ್ನು ಧ್ವನಿಯು ತೋರಿಸಬಲ್ಲದು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಿಸುತ್ತದೆ. ಇಲ್ಲಿ ಬಳಸುವುದು ಹಲವು ದಶಲಕ್ಷ ಕಂಪನಗಳ ಧ್ವನಿ. ಅದನ್ನು ಹೊಮ್ಮಿಸುವ ಉಪಕರಣವನ್ನು ತೊಡೆಗಳ ನಡುವೆ ಚರ್ಮಕ್ಕೆ ತಾಗಿಸಿದರೆ ಮರುದನಿಗಳಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ. ತಾಯಿ ತಿಣುಕಿದಾಗ ಮೂತ್ರಾಶಯದ ಕೊರಳು ಎಷ್ಟು ಮಿಲಿಮೀಟರು ಕೆಳಗೆ ಜಾರಿತೆಂಬುದನ್ನು, ವಸ್ತಿಕುಹರದ ಮುಂದಣ ಮೂಳೆಯನ್ನು ಗುರುತಾಗಿಟ್ಟುಕೊಂಡು ಅಳೆಯಬಹುದು. ಕ್ಷ-ಕಿರಣದ ಹಂಗಿಲ್ಲ.

ಯಂತ್ರವೇ ಸರ್ವಜ್ಞವೆಂದು ನಾವು ಹೇಳುತ್ತಿಲ್ಲ. ಕೊರಳು ಬಹಳ ಜಾರಿಯೂ ಸೋರದವರುಂಟು. ಕೊಂಚವೇ ಜಾರಿಯೂ ಸೋರುವವರುಂಟು. ಆದುದರಿಂದ ಚಿತ್ರಕ್ಕೆ ಮೊದಲು ಪ್ರಶ್ನೆ ಬರಬೇಕು: "ಅಮ್ಮ, ನಿಮಗೆ ಈ ತೊಂದರೆ ಇದೆಯೆ?" ಇದೆಯೆಂದಾಗ ಚಿತ್ರವು ಚಿಕಿತ್ಸೆಗೂ ನೆರವಾಗುತ್ತದೆ. ಈ ಮಾಂಸಖಂಡಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದರು. ಇಂದಿಗೂ ಮೊದಲು ಸೂಚಿಸುವುದು ಅದನ್ನೇ. ಕಣ್ಣಿಗೆ ಕಾಣದ ಮಾಂಸಖಂಡವನ್ನು ಬಿಗಿಯಿರೆಂದರೆ ಕೆಲವರು ಹೊಟ್ಟೆಯನ್ನು ಬಿಗಿಯುವರು, ಕೆಲವರು ಕೆಳಕ್ಕೆ ತಿಣುಕುವರು. ಪರದೆಯ ಮೇಲೆ ಅದರ ಚಲನೆಯನ್ನು ತಾನೇ ಕಂಡ ತಾಯಿಗೆ ಸರಿಯಾದ ಬಿಗಿತ ಯಾವುದೆಂಬುದು ಬೇಗ ತಿಳಿಯುತ್ತದೆ.

ಯುವ ವಾಚಕರೆ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ. ಎಲ್ಲರ ಮನೆಯಲ್ಲಿಯೂ ಬಾಣಂತಿಯರು ಇರುವರು. ಎಣ್ಣೆನೀರು, ಪಥ್ಯದ ಊಟಗಳ ಆರೈಕೆಯೊಡನೆ ಈ ಪ್ರಶ್ನೆಯೂ ಸೇರಲಿ. ಕೇಳದೆ ಬಿಟ್ಟ ನೋವನ್ನು ಯಾವ ಯಂತ್ರವೂ ಅಳೆಯಲಾರದು.