ಮೂರನೇ ಮಾನಿಟರ್ ಬಲಗಡೆ ಬೇಡ

ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಮಾಡೋದಕ್ಕೆ ಎಷ್ಟು ಕಂಪ್ಯೂಟರ್ ಬೇಕು, ಎಷ್ಟು ಮಾನಿಟರ್ ಬೇಕು ಅಂತ ಕೇಳುವವರು ನಮ್ಮ ಕುಂದಾಪುರ, ಬೈಂದೂರು ಕಡೆಯೂ ಈಗ ಸಿಗ್ತಾರೆ. ಹೆಚ್ಚಿನವರು, ಮಗ ಪೈಲಟ್ ಆಗ್ತೇನೆ ಅಂತ ಹಠ ಹಿಡಿದಿರುವ ಅಪ್ಪಂದಿರು. ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ... ದೊಡ್ಡ ಗ್ರಾಫಿಕ್ಸ್ ಕಾರ್ಡು, ಬಾಗಿದ ಮಾನಿಟರು, ಒಂದೂವರೆ ಎರಡು ಲಕ್ಷ. ನನಗೆ ಇದು ಒಪ್ಪಿಗೆ ಇಲ್ಲ.

ಮೂರು ಹಳೇ ಕಂಪ್ಯೂಟರ್ ಸಾಕು. "ಎಂತ ಮಾರಾಯ್ರೆ, ಹಳಿ ಡಬ್ಬ ಯಾರಿಗ್ ಬೇಕ್" ಅನ್ಬೇಡಿ, ಪೂರ್ತಿ ಓದಿ. ಫ್ಲೈಟ್‌ಗಿಯರ್ ಅನ್ನೋ ತಂತ್ರಾಂಶ ಉಚಿತ, ಮುಕ್ತ. ಮೂರು ಯಂತ್ರದಲ್ಲಿ ಹಾಕಿದರೂ ಯಾರಿಗೂ ಕಾಸು ಕೊಡಬೇಕಿಲ್ಲ. ಒಂದು ಕಂಪ್ಯೂಟರ್ ಮಾತ್ರ ವಿಮಾನ ಹಾರುವ ಲೆಕ್ಕ ಮಾಡುತ್ತೆ. ವಿಮಾನ ಎಲ್ಲಿದೆ, ಎಷ್ಟು ವಾಲಿದೆ ಅನ್ನೋದನ್ನ ಸೆಕೆಂಡಿಗೆ ಹತ್ತಾರು ಸಲ ನೆಟ್‌ವರ್ಕಿನಲ್ಲಿ ಉಳಿದೆರಡಕ್ಕೆ ಕಳಿಸುತ್ತೆ. ಅವು ತಮ್ಮ ಪಾಲಿನ ಕಿಟಕಿ ಬಿಡಿಸಿದರೆ ಆಯ್ತು. ವೈಫೈ ನಂಬಬೇಡಿ, ಲ್ಯಾನ್ ಕೇಬಲ್ ಎಳೀರಿ. ಮೂರರಲ್ಲೂ ಒಂದೇ ಆವೃತ್ತಿ, ಒಂದೇ ಸೀನರಿ ಇರಲಿ. ಇಲ್ಲದಿದ್ದರೆ ಒಂದು ಕಿಟಕಿಯಲ್ಲಿರುವ ಗುಡ್ಡ ಪಕ್ಕದ ಕಿಟಕಿಯಲ್ಲಿ ಮಾಯ! ತೀರಾ ಓಬೀರಾಯನ ಕಾಲದ ಯಂತ್ರ ಆಗಲ್ಲ, ಸಾಧಾರಣ ಗ್ರಾಫಿಕ್ಸ್ ಕಾರ್ಡಾದರೂ ಬೇಕು.

ಈಗ ಮಾನಿಟರ್ ವಿಷಯ. ಎಲ್ಲರೂ ನಡುವೆ ಒಂದು, ಎಡಕ್ಕೊಂದು, ಬಲಕ್ಕೊಂದು ಇಡ್ತಾರೆ. ನೋಡೋಕೆ ಚಂದ, ಅಷ್ಟೇ. 24 ಇಂಚಿನ ಮಾನಿಟರ್ ಸುಮಾರು 53 ಸೆಂಟಿಮೀಟರ್ ಅಗಲ. 60 ಸೆಂಟಿಮೀಟರ್ ದೂರದಲ್ಲಿ ಕೂತರೆ ಅದು ನಿಮ್ಮ ನೋಟದಲ್ಲಿ 48 ಡಿಗ್ರಿ ತುಂಬುತ್ತೆ. ಅಂದರೆ ಎಡಕ್ಕೆ 72 ಡಿಗ್ರಿವರೆಗೆ ಮಾತ್ರ ಕಾಣೋದು. ಆದರೆ ರನ್‌ವೇಗೆ ಸುತ್ತು ಹಾಕಿ ಇಳಿಯುವಾಗ ಸಾಮಾನ್ಯವಾಗಿ ಎಡಕ್ಕೇ ತಿರುಗೋದು. ರನ್‌ವೇಗೆ ಸಮಾನಾಂತರವಾಗಿ ಹೋಗ್ತಾ ಇದ್ದಾಗ ಅದರ ತುದಿ ನಿಮ್ಮ ಎಡಕ್ಕೆ 90 ಡಿಗ್ರಿಯಲ್ಲಿ ಬರುತ್ತೆ, ಆಮೇಲೆ ಹಿಂದಕ್ಕೆ ಸರಿಯುತ್ತೆ. ಯಾವಾಗ ತಿರುಗಬೇಕು ಅನ್ನೋ ಅಂದಾಜು ಹುಟ್ಟೋದೇ ಅಲ್ಲಿ. ಅದೇ ಹೊತ್ತಿಗೆ ಬಲಗಡೆಯ ಮಾನಿಟರ್ ಬರೀ ಆಕಾಶ ತೋರಿಸ್ತಾ ಕೂತಿರುತ್ತೆ. ಅದನ್ನ ಎತ್ತಿ ಎಡಗಡೆ ಎರಡನೆಯದಾಗಿ ಇಡಿ. 120 ಡಿಗ್ರಿ ಸಿಗುತ್ತೆ. ಅದಕ್ಕೂ ಹಿಂದೆ ನೋಡಬೇಕಾದರೆ ಜಾಯ್‌ಸ್ಟಿಕ್ಕಿನ ಗುಂಡಿ ಇದೆಯಲ್ಲ. ಒರೆಯಾಗಿ ಕಾಣುತ್ತೆ ಅಂತ ಮನೆಯವರು ಗೊಣಗಬಹುದು, ಗೊಣಗಲಿ.

ಇನ್ನು ಆ ಅಪ್ಪಂದಿರಿಗೆ. ಮನೆಯಲ್ಲಿ ಸಾವಿರ ಗಂಟೆ ಹಾರಿಸಿದರೂ ಲೈಸೆನ್ಸಿಗೆ ಬೇಕಾದ 200 ಗಂಟೆಗೆ ಒಂದು ನಿಮಿಷವೂ ಜಮಾ ಆಗಲ್ಲ. ಉಳಿದ ದುಡ್ಡಲ್ಲಿ ಮೊದಲು ಹುಡುಗನಿಗೆ ಡಿಜಿಸಿಎ ವೈದ್ಯಕೀಯ ಪರೀಕ್ಷೆ ಮಾಡಿಸಿ, ಕ್ಲಾಸ್ 2, ಆಮೇಲೆ ಕ್ಲಾಸ್ 1. ಬಣ್ಣ ಗುರುತಿಸೋದರಲ್ಲಿ ತೊಂದರೆ ಇದ್ದರೆ ತರಬೇತಿಗೆ ಜಾಗ ಅಡವಿಟ್ಟ ಮೇಲೆ ಗೊತ್ತಾಗೋದು ಬೇಡ. ಹುಡುಗಿಯಾದರೂ ಇದೇ ಮಾತು.

ಹಾಗಾದರೆ ಸಿಮ್ಯುಲೇಟರ್ ಯಾಕೆ? ಬಜ್ಪೆಯಿಂದ ಹೊರಟು ಮಲ್ಪೆ, ಬ್ರಹ್ಮಾವರ ದಾಟಿ ಕರಾವಳಿ ಹಿಡಿದು ಬಂದರೆ ಸಣ್ಣ ಸೆಸ್ನಾದಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಗಂಗೊಳ್ಳಿಯ ಅಳಿವೆ. ಮುಂದೆ ಮರವಂತೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಖುಷಿಗೆ ಇಷ್ಟು ಸಾಕು. ಕಲಿಯೋದಕ್ಕೆ ವಾಪಸ್ ಬಜ್ಪೆಗೇ ಹೋಗಬೇಕು. 2010ರ ಮೇ 22ರಂದು ಅಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿ, ಕಣಿವೆಗೆ ಬಿದ್ದು 158 ಜನ ಸತ್ತರು, ಉಳಿದವರು 8. ಇಳಿಯೋದು ಬೇಡ, ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಹೇಳಿದ್ದು ತನಿಖಾ ವರದಿಯಲ್ಲೇ ಇದೆ. ನಮ್ಮ ಹುಡುಗರು ಮಾತ್ರ ಬಜ್ಪೆಯಲ್ಲಿ ಇಳಿಯೋದನ್ನ ನೂರು ಸಲ ಮಾಡ್ತಾರೆ, ಇಳಿಯದೆ ಎದ್ದು ಹೋಗೋದನ್ನ ಒಂದು ಸಲವೂ ಮಾಡಲ್ಲ. ವೇಗ ಜಾಸ್ತಿಯಾಯ್ತು, ಎತ್ತರ ಜಾಸ್ತಿಯಾಯ್ತು ಅಂತ ಅನ್ನಿಸಿದ ಕೂಡಲೇ ಥ್ರಾಟಲ್ ಮುಂದೆ ನೂಕೋದು ಕೈಗೆ ಅಭ್ಯಾಸ ಆಗಲಿ. ಅದಕ್ಕೆ ಎರಡು ಲಕ್ಷ ಬೇಕಾ?

ಅಂದಹಾಗೆ, ನಮ್ಮ ಕಡೆ ಗುಡುಗು ಮಿಂಚು ಶುರುವಾದರೆ ಬರೀ ಕರೆಂಟಿನ ಪ್ಲಗ್ ತೆಗೆದರೆ ಸಾಲದು, ಇಂಟರ್ನೆಟ್ಟಿನ ವಯರೂ ತೆಗೀರಿ. ಮೂರನ್ನೂ ಕೇಬಲ್ಲಿನಲ್ಲಿ ಜೋಡಿಸಿದ್ದೀವಿ, ಹೋದರೆ ಮೂರೂ ಒಟ್ಟಿಗೆ ಹೋಗುತ್ತೆ.