ಗೀತರಚನಕಾರ ಶೈಲೇಂದ್ರ

ಸರಳವಾದ ಮಾತಿನಲ್ಲಿ ಹಾಡು ಕಟ್ಟುವುದು ಸುಲಭದ ಕೆಲಸವೆಂದು ತಿಳಿದವರುಂಟು. ಹಿಂದೀ ಚಿತ್ರಗೀತೆಗಳ ಕವಿ ಶೈಲೇಂದ್ರರ ಬಾಳನ್ನು ಬಲ್ಲವರು ಹಾಗೆನ್ನಲಾರರು. 1923ರಲ್ಲಿ ರಾವಲ್ಪಿಂಡಿಯಲ್ಲಿ ಜನಿಸಿ, ಮಥುರೆಯಲ್ಲಿ ಬಡತನದೊಡನೆ ಬೆಳೆದ ಇವರು, ಮುಂಬಯಿಯ ಮಾಟುಂಗಾ ರೈಲ್ವೆ ಕಾರ್ಯಾಗಾರದಲ್ಲಿ ದುಡಿಯುತ್ತ ಕವಿತೆ ಬರೆದವರು.

ದೇಶವಿಭಜನೆಯ ಕಾಲದಲ್ಲಿ ಪಂಜಾಬಿನ ದಳ್ಳುರಿಯನ್ನು ಕುರಿತು ಅವರು ಓದಿದ ಕವಿತೆಯನ್ನು ರಾಜ್ ಕಪೂರ್ ತಮ್ಮ ಚಿತ್ರಕ್ಕೆ ಬೇಡಿದರು. ಕವಿತೆ ಮಾರಾಟಕ್ಕಿಲ್ಲವೆಂದುಬಿಟ್ಟರು ಶೈಲೇಂದ್ರ. ಆದರೆ ಪತ್ನಿ ಗರ್ಭಿಣಿಯಾಗಿ ಸಂಸಾರದ ಅಡಚಣೆ ಹೆಚ್ಚಿದಾಗ ತಾವಾಗಿಯೇ ಅವರ ಬಾಗಿಲಿಗೆ ಹೋಗಬೇಕಾಯಿತು. ‘ಬರ್ಸಾತ್’ (1949) ಚಿತ್ರಕ್ಕೆ ಎರಡು ಹಾಡು, 500 ರೂಪಾಯಿ. ಸ್ವಾಭಿಮಾನಿಯಾದ ಗೃಹಸ್ಥನಿಗೆ ಆ ಹೊಸ್ತಿಲು ಎಷ್ಟು ಎತ್ತರವೆನಿಸಿತ್ತೋ!

ಮುಂದೆ ‘ಆವಾರಾ’, ‘ಮಧುಮತಿ’, ‘ಬಂದಿನಿ’, ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಾದಂಬರಿಯನ್ನಾಧರಿಸಿದ ‘ಗೈಡ್’ – ಹೀಗೆ ಕೀರ್ತಿಯೂ ಹಣವೂ ಒದಗಿದವು. ‘ಶ್ರೀ 420’ರ (1955) ಒಂದು ಗೀತೆಯಲ್ಲಿ ಹತ್ತು ದಿಕ್ಕುಗಳ ಮಾತು ಬರುತ್ತದೆ. ಸಾಮಾನ್ಯ ಜನ ಬಲ್ಲುದು ನಾಲ್ಕೇ ದಿಕ್ಕು, ಬದಲಿಸಿರೆಂದರು ಸಂಗೀತ ನಿರ್ದೇಶಕ ಜೈಕಿಶನ್. ಕವಿ ಒಪ್ಪಲಿಲ್ಲ. ಜನರ ಅಭಿರುಚಿಯ ನೆಪದಲ್ಲಿ ಅಗ್ಗದ್ದನ್ನು ಉಣಬಡಿಸಬಾರದು, ಅಭಿರುಚಿಯನ್ನು ತಿದ್ದುವುದೂ ಕಲಾವಿದನ ಹೊಣೆಯೆಂಬುದು ಅವರ ವಾದ.

ಈ ಹಟವೇ ಅವರಿಗೆ ದುಬಾರಿಯಾಯಿತೆನ್ನಬೇಕು. ಫಣೀಶ್ವರನಾಥ ರೇಣು ಅವರ ಕಥೆಯೊಂದಕ್ಕೆ ಮನಸೋತು ‘ತೀಸ್ರೀ ಕಸಮ್’ ಎಂಬ ಚಿತ್ರವನ್ನು ತಾವೇ ನಿರ್ಮಿಸಲು ಹೊರಟರು. ಮುಗ್ಧ ಗಾಡಿಯಾಳು ಹೀರಾಮನ್, ನೌಟಂಕಿಯ ನರ್ತಕಿ ಹೀರಾಬಾಯಿ. ಇಬ್ಬರೂ ಕೊನೆಗೆ ಅಗಲುವ ಕಥೆ. ನಾಯಕನಾದ ರಾಜ್ ಕಪೂರ್ ಪಡೆದ ಸಂಭಾವನೆ ಒಂದೇ ರೂಪಾಯಿಯಂತೆ. ಆದರೂ ಚಿತ್ರ ವರ್ಷಗಟ್ಟಲೆ ನಿಂತು ನಿಂತು ಸಾಗಿ, ಸಾಲ ಬೆಳೆಯಿತು. ನಾಯಕ ನಾಯಕಿಯರನ್ನು ಒಂದುಗೂಡಿಸಿದರೆ ಹಣ ಹುಟ್ಟುತ್ತದೆಂಬ ಸಲಹೆಗಳು ಬಂದವು. ಅಗಲಿಕೆಯನ್ನು ಅಳಿಸಿದರೆ ಕಥೆಯೇ ಉಳಿಯದೆಂದು ಬಲ್ಲ ಶೈಲೇಂದ್ರ ಅದಕ್ಕೆ ಮಣಿಯಲಿಲ್ಲ. ಮನೆಮಂದಿಯ ದೃಷ್ಟಿಯಿಂದ ಇದನ್ನು ವಿವೇಕವೆನ್ನಬಹುದೇ? ಹೇಳುವುದು ಕಷ್ಟ. ಕಥೆಯ ದೃಷ್ಟಿಯಿಂದ ಮಾತ್ರ ಅದು ಸರಿಯಾಗಿತ್ತು.

1966ರಲ್ಲಿ ತೆರೆಕಂಡ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅದೇ ವರ್ಷ ಡಿಸೆಂಬರ್ 14ರಂದು, ರಾಜ್ ಕಪೂರರ ಹುಟ್ಟುಹಬ್ಬದ ದಿನವೇ, 43ರ ವಯಸ್ಸಿನಲ್ಲಿ ಶೈಲೇಂದ್ರ ತೀರಿಕೊಂಡರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಲಭಿಸಿದ್ದು ಅದೇ ‘ತೀಸ್ರೀ ಕಸಮ್’ಗೆ, ಅದನ್ನು ಕಾಣಲು ನಿರ್ಮಾಪಕರಿರಲಿಲ್ಲ.

‘ಮೇರಾ ನಾಮ್ ಜೋಕರ್’ (1970) ಚಿತ್ರಕ್ಕಾಗಿ ಅವರು ಆರಂಭಿಸಿದ್ದ ಹಾಡೊಂದು ಅರ್ಧಕ್ಕೇ ನಿಂತಿತ್ತು. ಅದನ್ನು ಬರೆದು ಮುಗಿಸಿಕೊಟ್ಟವರು ಮಗ ಶೈಲಿ ಶೈಲೇಂದ್ರ.