ಡ್ರೋನ್ ಹಾರಿಸೋಕೆ ಮೂರು ವರ್ಷದ ಡಿಗ್ರಿ ಬೇಕಾ?

ಹೋದ ವಾರ ಬೆಳಗ್ಗೆ ತೋಟಕ್ಕೆ ಜೀವಾಮೃತ ಬಿಡುತ್ತಿದ್ದೆ. ಪಕ್ಕದ ಹೊಲದ ಅಣ್ಣ ಬದು ದಾಟಿ ಬಂದರು. ಕೈಯಲ್ಲಿ ಮಗನ ಮೊಬೈಲ್. ವಾಟ್ಸಾಪ್‌ಗೆ ಬಂದ ಒಂದು ಕಾಲೇಜಿನ ಬಣ್ಣಬಣ್ಣದ ಜಾಹೀರಾತು. ಡ್ರೋನ್ ಪೈಲಟ್ ಮತ್ತು ಏವಿಯೇಷನ್ ಪದವಿ, ಮೂರು ವರ್ಷ, ಕೆಲಸ ಗ್ಯಾರಂಟಿ. ಚಿತ್ರದಲ್ಲಿ ಬಿಳಿ ಅಂಗಿ ತೊಟ್ಟ ಹುಡುಗ, ಭುಜದ ಮೇಲೆ ಚಿನ್ನದ ಪಟ್ಟಿ, ಹಿಂದೆ ದೊಡ್ಡ ವಿಮಾನ, ತಲೆ ಮೇಲೊಂದು ಡ್ರೋನ್.

"ನಮ್ಮುಡ್ಗ ಪಿಯುಸಿ ಮುಗಿಸವ್ನೆ. ಸೇರುದ್ರೆ ಇದುಕ್ಕೇ ಸೇರ್ತೀನಿ ಅಂತ ಕುಂತವ್ನೆ. ಅರ್ಧ ಎಕ್ರೆ ಭೋಗ್ಯಕ್ಕೆ ಹಾಕುದ್ರೆ ಮೊದುಲ್ನೇ ವರ್ಷದ ಫೀಸಾಯ್ತದೆ. ನೀನು ಓದ್ದೋನು, ಏನಂತೀಯಪ್ಪ?" ಅಂದರು.

ನಾನು "ಬೇಡ ಕಣಣ್ಣ" ಅಂದೆ. ಅಷ್ಟು ಹೇಳುವುದು ಸುಲಭ. ಆದರೆ ಹುಡುಗ ಆಸೆ ಇಟ್ಟುಕೊಂಡಿದ್ದಾನೆ, ಅಪ್ಪ ಜಮೀನು ಬಿಡೋಕೆ ತಯಾರಿದ್ದಾರೆ. ಕಾರಣ ಹೇಳದೆ ಬೇಡ ಅನ್ನೋದು ನ್ಯಾಯ ಅಲ್ಲ. ನಮ್ಮದು ಮಲೆನಾಡಿನ ಕೊಪ್ಪ ಅಲ್ಲ, ಮದ್ದೂರು ತಾಲ್ಲೂಕಿನ ಕಬ್ಬಿನ ಕೊಪ್ಪ. ಇಲ್ಲಿ ಬಹಳ ಮನೆಗಳಿಗೆ ಇರೋದೇ ಒಂದೆರಡು ಎಕರೆ. ಅದರಲ್ಲಿ ಅರ್ಧ ಎಕರೆ ಮೂರು ವರ್ಷ ಬೇರೆಯವರ ಕೈಗೆ ಹೋದರೆ ಮನೆ ಅಡುಗೆ ಒಲೆವರೆಗೂ ಅದರ ಬಿಸಿ ತಟ್ಟುತ್ತದೆ.

ಮೊದಲು ಕಾನೂನು ಏನು ಕೇಳುತ್ತದೆ ನೋಡಿ. ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು ಬಂದದ್ದು 2021ರ ಆಗಸ್ಟ್‌ನಲ್ಲಿ. ಅದರ ಪ್ರಕಾರ ದುಡಿಮೆಗಾಗಿ ಡ್ರೋನ್ ಹಾರಿಸುವವನಿಗೆ ಬೇಕಾದ್ದು ರಿಮೋಟ್ ಪೈಲಟ್ ಸರ್ಟಿಫಿಕೇಟ್. ಅದನ್ನು ಪಡೆಯೋಕೆ 18 ತುಂಬಿರಬೇಕು, 65 ದಾಟಿರಬಾರದು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪಿದ ತರಬೇತಿ ಸಂಸ್ಥೆಯಲ್ಲಿ ಕಲಿತು ಪಾಸಾಗಬೇಕು. ಮುಗೀತು. ತರಬೇತಿ ಸಾಮಾನ್ಯವಾಗಿ ಐದಾರು ದಿನ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಮೊದಲು ಪಾಸ್‌ಪೋರ್ಟ್ ಇಲ್ಲದ ಹಳ್ಳಿ ಹುಡುಗರಿಗೆ ತೊಂದರೆ ಆಗುತ್ತಿತ್ತು. 2023ರ ತಿದ್ದುಪಡಿಯಲ್ಲಿ ಅದನ್ನೂ ಸಡಿಲಿಸಿದರು, ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಸಾಕು. ಪದವಿ ಬೇಕು ಅಂತ ಆ ನಿಯಮಗಳಲ್ಲಿ ಎಲ್ಲೂ ಇಲ್ಲ.

ತರಬೇತಿಗೆ ಹೋಗುವವರು ಒಂದು ವಿಷಯದಲ್ಲಿ ಮಾತ್ರ ಎಡವುತ್ತಾರೆ. ಸರ್ಟಿಫಿಕೇಟ್ ಎಲ್ಲ ಡ್ರೋನ್‌ಗೂ ನಡೆಯುವುದಿಲ್ಲ, ಅದರಲ್ಲಿ ಬರೆದ ವರ್ಗಕ್ಕೆ ಮಾತ್ರ. 250 ಗ್ರಾಂವರೆಗೆ ನ್ಯಾನೊ, 2 ಕೆಜಿವರೆಗೆ ಮೈಕ್ರೊ, 25 ಕೆಜಿವರೆಗೆ ಸ್ಮಾಲ್. ಹತ್ತು ಲೀಟರ್ ಟ್ಯಾಂಕಿನ ಔಷಧಿ ಡ್ರೋನ್ ಸಾಮಾನ್ಯವಾಗಿ ಸ್ಮಾಲ್ ವರ್ಗದ್ದು. ಫೀಸು ಕಡಿಮೆ ಅಂತ ಮೈಕ್ರೊ ಕಲಿತು ಬಂದರೆ ಮದುವೆ ವಿಡಿಯೊ ತೆಗೆಯಬಹುದು, ಕಬ್ಬಿಗೆ ಔಷಧಿ ಹೊಡೆಯೋಕಾಗಲ್ಲ.

ಈಗ ಆ ಬಿಳಿ ಅಂಗಿಯ ವಿಷಯ. ಡ್ರೋನ್ ಪೈಲಟ್ ಬೇರೆ, ವಿಮಾನದ ಪೈಲಟ್ ಬೇರೆ. ಒಂದು ಜಾಹೀರಾತಿನಲ್ಲಿ ಎರಡನ್ನೂ ಕೂಡಿಸಿ ತೋರಿಸಿದ ಮಾತ್ರಕ್ಕೆ ಒಂದರಿಂದ ಇನ್ನೊಂದಕ್ಕೆ ದಾರಿ ಆಗುವುದಿಲ್ಲ. ವಿಮಾನ ಹಾರಿಸೋಕೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ ವೈದ್ಯಕೀಯ ಪರೀಕ್ಷೆ, ಡಿಜಿಸಿಎ ಬರವಣಿಗೆ ಪರೀಕ್ಷೆಗಳು, 200 ಗಂಟೆ ನಿಜವಾದ ಹಾರಾಟ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯೇ ಇದೆ. ಖರ್ಚು ಹತ್ತಾರು ಲಕ್ಷ. ಅದಕ್ಕೂ ಡಿಗ್ರಿ ಕಡ್ಡಾಯ ಅಲ್ಲ, ಲೆಕ್ಕಕ್ಕೆ ಬರೋದು ಲೈಸೆನ್ಸ್. ಇನ್ನು ಬಿಬಿಎ ಏವಿಯೇಷನ್ ಅಂತ ಕೊಡುವ ಪದವಿಗಳು ವಿಮಾನ ನಿಲ್ದಾಣದ ಆಡಳಿತ, ಸರಕು, ಟಿಕೆಟ್ ಕೆಲಸಕ್ಕೆ ಸಂಬಂಧಪಟ್ಟವು. ಆ ಕೆಲಸ ಬೇಕು ಅಂತ ಗೊತ್ತಿದ್ದು ಓದಿದರೆ ತಪ್ಪೇನಿಲ್ಲ. ಪೈಲಟ್ ಆಗ್ತೀನಿ ಅಂದುಕೊಂಡು ಸೇರಿದರೆ ಮೂರನೇ ವರ್ಷ ಕಣ್ಣು ಬಿಡಬೇಕಾಗುತ್ತದೆ.

ಮಂಡ್ಯ ಜಿಲ್ಲೆಯವರಿಗೆ ಡ್ರೋನ್ ಅಂದ ತಕ್ಷಣ ಮಳವಳ್ಳಿ ತಾಲ್ಲೂಕಿನ ನೆಟ್ಕಲ್ ಊರಿನ ಪ್ರತಾಪ್ ನೆನಪಾಗುತ್ತಾರೆ. 2020ರಲ್ಲಿ ಅವರ ಹೇಳಿಕೆಗಳಿಗೆ ದಾಖಲೆ ಎಲ್ಲಿ ಅಂತ ಪತ್ರಕರ್ತರು ಕೇಳಿದಾಗ ಎಷ್ಟು ಗದ್ದಲ ಆಯಿತು! ಆ ಕಥೆಯನ್ನು ಮತ್ತೆ ಕೆದಕುವುದು ನನ್ನ ಉದ್ದೇಶ ಅಲ್ಲ. ನನಗೆ ನೆನಪಿರೋದು ನಮ್ಮದೇ ವರ್ತನೆ. ವರ್ಷಗಟ್ಟಲೆ ಚಪ್ಪಾಳೆ ಹೊಡೆದೆವು, ಸನ್ಮಾನಕ್ಕೆ ಕರೆದೆವು, ಆಮೇಲೆ ಬೈದೆವು. ಮೊದಲ ದಿನ ಕಾಗದ ಕೇಳಲಿಲ್ಲ. ಈಗ ಕಾಲೇಜಿನ ಜಾಹೀರಾತಿನ ಮುಂದೆಯೂ ಹಾಗೇ ಬಾಯಿ ಬಿಟ್ಟುಕೊಂಡು ನಿಂತಿದ್ದೇವೆ.

ಹಾರಿಸುವುದು ಈ ಕಸುಬಿನ ಸಣ್ಣ ಪಾಲು ಅಂತ ನನಗೆ ಮನವರಿಕೆ ಆದದ್ದು ಹುರುಳಿಕಾಯಿಯಿಂದ. ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ನನ್ನ ಮಡಿ ಪಕ್ಕದ ಎಳೆ ಕಬ್ಬಿಗೆ ಕಳೆನಾಶಕ ಹೊಡೆಯೋಕೆ ಡ್ರೋನ್ ಕರೆಸಿದ್ದರು. ಹಾರಿಸಿದ ಹುಡುಗನ ಹತ್ತಿರ ಸರ್ಟಿಫಿಕೇಟ್ ಇತ್ತು, ಕೈಯೂ ಚೆನ್ನಾಗಿ ಪಳಗಿತ್ತು. ಆದರೆ ಹೊಡೆದದ್ದು ಮಧ್ಯಾಹ್ನ ಎರಡು ಗಂಟೆಗೆ, ಗಾಳಿ ನನ್ನ ಹೊಲದ ಕಡೆಗೆ ಬೀಸುವಾಗ. ಔಷಧಿ 2,4-ಡಿ. ಅದು ಕಬ್ಬನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧಿ. ನನ್ನ ಹುರುಳಿಕಾಯಿ ಅಗಲ ಎಲೆಯ ಗಿಡ. ಮೂರ್ನಾಲ್ಕು ದಿನಕ್ಕೆ ಎಲೆ ಮುದುರಿ, ಕುಡಿ ತಿರುಚಿ ಹಾವಿನ ಥರ ಆಯಿತು. ಉಳಿದದ್ದನ್ನು ಸಾವಯವ ಅಂತ ಮಾರೋಕೆ ನನಗೇ ಮನಸ್ಸು ಒಪ್ಪಲಿಲ್ಲ, ಮಾಮೂಲಿ ಮಂಡಿಗೆ ಹಾಕಿ ಬಂದೆ. ಹುಡುಗನನ್ನು ಕೇಳಿದರೆ, "ನಾನೇನು ಮಾಡ್ಲಿ ಅಣ್ಣ, ಮ್ಯಾಪ್ ಹಾಕಿದ್ದ ಕಡೆನೇ ಹಾರೈತೆ" ಅಂದ. ನಿಜ, ಡ್ರೋನ್ ಒಂದಡಿಯೂ ಗಡಿ ದಾಟಿರಲಿಲ್ಲ. ದಾಟಿದ್ದು ಔಷಧಿ.

ಇದರ ಹಿಂದಿನ ಲೆಕ್ಕ ಸರಳ. ಪವರ್ ಸ್ಪ್ರೇಯರ್‌ನಲ್ಲಿ ಎಕರೆಗೆ ನೂರೈವತ್ತು, ಇನ್ನೂರು ಲೀಟರ್ ನೀರಿಗೆ ಬೆರೆಸುವ ಔಷಧಿಯನ್ನು ಡ್ರೋನ್‌ನಲ್ಲಿ ಸುಮಾರು ಹತ್ತು ಲೀಟರ್‌ಗೆ ಬೆರೆಸುತ್ತಾರೆ. ಹನಿ ಸಣ್ಣದು, ಔಷಧಿ ಗಟ್ಟಿ. ಆ ಹನಿ ಗಾಳಿಗೆ ಸಿಕ್ಕರೆ ಪಕ್ಕದವನ ಬೆಳೆ ಹೋದಂಗೆ. ಮದ್ದೂರು, ಮಳವಳ್ಳಿ ಕಡೆ ಹಿಪ್ಪುನೇರಳೆ ಎಷ್ಟಿದೆ ಯೋಚಿಸಿ. ಕೀಟನಾಶಕ ಬಿದ್ದ ಸೊಪ್ಪು ಹಾಕಿದರೆ ಒಂದೇ ದಿನದಲ್ಲಿ ಹುಳು ಮನೆ ಖಾಲಿ. ಯಾವ ನಾಜಲ್, ಎಷ್ಟು ಎತ್ತರ, ಯಾವ ಹೊತ್ತು, ಯಾವ ಔಷಧಿ ಯಾವುದರ ಜೊತೆ ಬೆರೆಸಬಾರದು, ಪಕ್ಕದ ಹೊಲದಲ್ಲಿ ಏನಿದೆ, ಇದೆಲ್ಲ ಬೆಳೆಯ ಓದು. ಗಡಿ ಗುರುತು ಹಾಕಿಕೊಟ್ಟರೆ ಹಾರುವ ಕೆಲಸ ಯಂತ್ರವೇ ಮಾಡಿಕೊಳ್ಳುತ್ತದೆ, ಬರಬರುತ್ತಾ ಇನ್ನೂ ಚೆನ್ನಾಗಿ ಮಾಡುತ್ತದೆ. ದಿನದಿಂದ ದಿನಕ್ಕೆ ಸುಲಭ ಆಗುವ ಕೆಲಸಕ್ಕೆ ಮೂರು ವರ್ಷ, ಅರ್ಧ ಎಕರೆ ಯಾಕೆ?

ಸರ್ಕಾರದ ಲೆಕ್ಕವೂ ಇದನ್ನೇ ಹೇಳುತ್ತದೆ. 2023ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳು. ಡ್ರೋನ್ ಬೆಲೆಯಲ್ಲಿ ಶೇ 80ರಷ್ಟು, ಗರಿಷ್ಠ 8 ಲಕ್ಷ ಸಹಾಯಧನ. ಸಂಘದ ಒಬ್ಬ ಸದಸ್ಯೆಗೆ 15 ದಿನ ತರಬೇತಿ. ಆ ಹದಿನೈದರಲ್ಲಿ ಪೈಲಟ್ ತರಬೇತಿ 5 ದಿನ, ಗೊಬ್ಬರ ಮತ್ತು ಔಷಧಿ ಸಿಂಪಡಣೆಯ ಕಲಿಕೆ 10 ದಿನ. ಅಂದರೆ ಹಾರಿಸೋದಕ್ಕಿಂತ ಹೊಲದ ಕಲಿಕೆಗೆ ಎರಡರಷ್ಟು. ನಾಳೆ ಮೂರು ವರ್ಷ ಓದಿ ಬಂದ ನಮ್ಮ ಹುಡುಗ ಎಕರೆ ಲೆಕ್ಕದಲ್ಲಿ ಪೈಪೋಟಿ ಮಾಡಬೇಕಾದ್ದು ಈ 15 ದಿನ ಕಲಿತ ಅಕ್ಕಂದಿರ ಜೊತೆ. ಅವರ ಯಂತ್ರಕ್ಕೆ ಸಹಾಯಧನ ಇದೆ, ಊರಿನವರ ಪರಿಚಯ ಇದೆ. ಇವನ ತಲೆ ಮೇಲೆ ಸಾಲ ಇರುತ್ತದೆ.

ದುಡಿಮೆ ಎಷ್ಟು? ಎಕರೆಗೆ 400 ರೂಪಾಯಿ, ದಿನಕ್ಕೆ 15 ಎಕರೆ ಅಂತಿಟ್ಟುಕೊಳ್ಳಿ, 6,000 ಆಯಿತು. ಕೇಳೋಕೆ ಚೆಂದ. ಅದರಲ್ಲಿ ಗಾಡಿ ಬಾಡಿಗೆ, ಇಬ್ಬರು ಸಹಾಯಕರ ಕೂಲಿ, ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್‌ಗೆ ಪೆಟ್ರೋಲ್ ಕಳೆಯಿರಿ. ಒಂದು ಬ್ಯಾಟರಿ ಸೆಟ್ ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತದೆ, ನಾಲ್ಕೈದು ಸೆಟ್ ಬೇಕು, ಅವು ಸವೆದಂತೆ ಹೊಸದು ಹಾಕಬೇಕು. ವಿಮೆ ಬೇರೆ. ಇನ್ನು ನಮ್ಮ ಹೊಲಗಳೋ, ಹತ್ತು ಗುಂಟೆ, ಇಪ್ಪತ್ತು ಗುಂಟೆ ತುಂಡುಗಳು, ಬದುವಿನ ಮೇಲೆ ತೆಂಗು, ನಡುವೆ ಕರೆಂಟ್ ಲೈನ್. ಆಂಧ್ರದ ಬಯಲಿನ ವಿಡಿಯೊ ನೋಡಿ ನಮ್ಮೂರ ಲೆಕ್ಕ ಹಾಕಬೇಡಿ. ಎಲ್ಲಕ್ಕಿಂತ ದೊಡ್ಡ ಸಮಸ್ಯೆ ನಾಲೆ. ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ನಾಟಿ ಮಾಡುತ್ತಾರೆ, ಹುಳ ಬಿದ್ದರೆ ಎಲ್ಲರಿಗೂ ಒಂದೇ ವಾರ ಬೀಳುತ್ತದೆ. ಆ ವಾರ ಫೋನು ಬಿಡುವಿರಲ್ಲ, ಆಮೇಲೆ ತಿಂಗಳುಗಟ್ಟಲೆ ಡ್ರೋನ್ ಚೀಲದಲ್ಲಿ ಮಲಗಿರುತ್ತದೆ. ನಾಲೆ ನೀರು ಬಿಡದ ವರ್ಷ ಏನಾಗುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ಹಾಗಂತ ಡ್ರೋನೇ ಬೇಡ ಅನ್ನುವವನಲ್ಲ ನಾನು. ಆಳೆತ್ತರ ದಾಟಿದ ಕಬ್ಬಿನೊಳಗೆ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ನುಗ್ಗಿದವರಿಗೆ ಅದರ ಬೆಲೆ ಗೊತ್ತು. ಔಷಧಿ ಮೈಮೇಲೆ ಸುರಿದುಕೊಳ್ಳುವ ಕೂಲಿಯವರ ಆರೋಗ್ಯದ ದೃಷ್ಟಿಯಿಂದ ನೋಡಿದರೂ ಅದು ಬರಲಿ. ನನ್ನಂಥ ಸಾವಯವದವರಿಗೆ ಅದು ಇನ್ನೂ ಪೂರ್ತಿ ಒಗ್ಗಿಲ್ಲ, ಜೀವಾಮೃತವನ್ನು ಎಷ್ಟು ಸೋಸಿದರೂ ನಾಜಲ್ ಕಟ್ಟಿಕೊಳ್ಳುತ್ತದೆ. ಅದು ಬೇರೆ ಜಗಳ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಡಿಗ್ರಿ ಮಾಡು, ಆದರೆ ಡ್ರೋನ್ ಕೆಟ್ಟು ಕೂತ ದಿನವೂ ಅನ್ನ ಹಾಕುವ ಡಿಗ್ರಿ ಮಾಡು. ಪಿಸಿಎಂಬಿ ಓದಿದ್ದೀಯ, ಸಿಇಟಿ ಬರೆದಿದ್ದೀಯ. ಬಿಎಸ್ಸಿ ಕೃಷಿ ಇದೆ, ಮಂಡ್ಯದ ವಿ.ಸಿ. ಫಾರ್ಮ್‌ನಲ್ಲೇ ಕಾಲೇಜಿದೆ. ನಾನು ಓದಿದ ತೋಟಗಾರಿಕೆ ಇದೆ. ಯಂತ್ರದ ಹುಚ್ಚು ಜಾಸ್ತಿ ಇದ್ದರೆ ಕೃಷಿ ಎಂಜಿನಿಯರಿಂಗ್ ಬಿಟೆಕ್ ಇದೆ. ಈ ಕೋರ್ಸ್‌ಗಳಲ್ಲಿ ರೈತರ ಮಕ್ಕಳಿಗೆ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ, ಬೀಜ, ಸಲಕರಣೆ ಗುರುತಿಸೋದು. ಹೊಲದಲ್ಲಿ ಬೆಳೆದವನಿಗೆ ಅದು ಹೆದರಿಕೆಯ ವಿಷಯವೇ ಅಲ್ಲ. ಡ್ರೋನ್ ರಿಪೇರಿ, ಜೋಡಣೆ ಇಷ್ಟ ಇದ್ದರೆ ಎಲೆಕ್ಟ್ರಾನಿಕ್ಸ್ ಓದು. ಭೂಮಿ ಅಳತೆ ಇಷ್ಟವಿದ್ದರೆ ಸಿವಿಲ್ ಮತ್ತು ಸರ್ವೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಮನೆ ಜಾಗಗಳನ್ನು ಡ್ರೋನ್‌ನಿಂದಲೇ ಅಳೆದರು, ಕರ್ನಾಟಕ ಅದರ ಆರಂಭದ ರಾಜ್ಯಗಳಲ್ಲಿ ಒಂದು. ಅಲ್ಲಿಯೂ ಚಿತ್ರ ತೆಗೆಯುವುದಕ್ಕಿಂತ ಆ ಚಿತ್ರವನ್ನು ನಕ್ಷೆ ಮಾಡುವವನಿಗೆ ಬೇಡಿಕೆ. ಇವುಗಳಲ್ಲಿ ಯಾವುದನ್ನು ಓದುತ್ತಿದ್ದರೂ ರಜೆಯಲ್ಲಿ ಒಂದು ವಾರ ಹೋಗಿ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಮಾಡಿಕೊಂಡು ಬರಬಹುದು.

ಇನ್ನೊಂದು ವಿಷಯ ಹೇಳಿದಾಗ ಅವನಪ್ಪ ನೆಟ್ಟಗೆ ಕೂತರು. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ 2022ರಲ್ಲಿ ಡ್ರೋನ್‌ಗೆ ಕೊಟ್ಟ ಮಾರ್ಗಸೂಚಿ ಪ್ರಕಾರ, ಬಾಡಿಗೆ ಕೇಂದ್ರ ತೆರೆಯುವ ಕೃಷಿ ಪದವೀಧರನಿಗೆ ಶೇ 50, ಗರಿಷ್ಠ 5 ಲಕ್ಷ ಸಹಾಯಧನ. ರೈತರ ಸಹಕಾರ ಸಂಘ, ಉತ್ಪಾದಕರ ಸಂಸ್ಥೆಗಳ ಬಾಡಿಗೆ ಕೇಂದ್ರಕ್ಕೆ ಶೇ 40, ಗರಿಷ್ಠ 4 ಲಕ್ಷ. ಅಲ್ಲಿ ಹೆಸರಿಸಿರುವುದು ಕೃಷಿ ಪದವಿಯನ್ನು, ಡ್ರೋನ್ ಪದವಿಯನ್ನಲ್ಲ. ಈ ವರ್ಷ ಅನುದಾನ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಇಷ್ಟು ಹೇಳಿದ ಮೇಲೂ ಆ ಪದವಿಯೇ ಬೇಕು ಅನ್ನುವವರು ದುಡ್ಡು ಕಟ್ಟುವ ಮುಂಚೆ ಕಾಗದ ಕೇಳಿ. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯಾ? ಕಾಲೇಜಿನ ಡ್ರೋನ್ ತರಬೇತಿ ಸಂಸ್ಥೆ ಡಿಜಿಸಿಎ ಪಟ್ಟಿಯಲ್ಲಿ ಇದೆಯಾ? ಪಟ್ಟಿ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ, ನಿಮ್ಮ ಫೋನಿನಲ್ಲೇ ನೋಡಬಹುದು. ಸರ್ಟಿಫಿಕೇಟ್ ಯಾವ ವರ್ಗದ್ದು, ಅದರ ಫೀಸು ಒಳಗೇ ಸೇರಿದೆಯಾ, ಬೇರೆಯಾ? ಹೋದ ಬ್ಯಾಚಿನ ಹುಡುಗರ ಜೊತೆ ಮಾತಾಡೋಕೆ ಬಿಡ್ತಾರಾ?

ಭಾನುವಾರ ನಮ್ಮ ಜಗಲಿ ಮೇಲೆ ಕೂತು ಹುಡುಗನೇ ಆ ಕಾಲೇಜಿಗೆ ಫೋನ್ ಮಾಡಿದ, ಸ್ಪೀಕರ್ ಹಾಕಿ. ಡಿಜಿಸಿಎ ಅಂದ ತಕ್ಷಣ ಆ ಕಡೆಯವರು "ಅದೆಲ್ಲ ಫೋನಲ್ಲಿ ಬೇಡ, ತಂದೆಯವರನ್ನ ಕರ್ಕೊಂಡು ಕ್ಯಾಂಪಸ್‌ಗೆ ಬನ್ನಿ, ಸೀಟ್ ನಾಲ್ಕೇ ಉಳಿದಿರೋದು" ಅಂದರು. ಹುಡುಗ ಫೋನ್ ಇಟ್ಟು ಸುಮ್ಮನೆ ಕೂತ. ಭೋಗ್ಯದ ಪತ್ರ ಇನ್ನೂ ಬರೆಸಿಲ್ಲ. ನಮ್ಮ ಪಕ್ಕದ ಊರಿನ ಸ್ವಸಹಾಯ ಸಂಘದ ಅಕ್ಕ ಒಬ್ಬರು ಡ್ರೋನ್ ಹಾರಿಸುತ್ತಾರೆ, ಬ್ಯಾಟರಿ ಹೊರೋಕೆ, ಔಷಧಿ ಬೆರೆಸೋಕೆ ಅವರಿಗೆ ಒಬ್ಬ ಆಳು ಬೇಕಂತೆ. ನಾಟಿ ಮುಗಿದ ಮೇಲೆ ಒಂದು ತಿಂಗಳು ಅವರ ಜೊತೆ ಹೋಗು, ಕೂಲಿ ಕೊಡ್ತಾರೆ, ಕೆಲಸ ಹೇಗಿರುತ್ತೆ ಅಂತ ಗೊತ್ತಾಗುತ್ತೆ ಅಂದಿದ್ದೀನಿ. ಅವನು ಇನ್ನೂ ಹೂಂ ಅಂದಿಲ್ಲ.